ಸಂಭವನೀಯತೆ ಲೆಕ್ಕದಲ್ಲಿ ಯಾವಾಗ ಗುಣಿಸಬೇಕು, ಯಾವಾಗ ಕೂಡಬೇಕು?

ಗುಣಿಸಬೇಕೋ ಕೂಡಬೇಕೋ ಗೊತ್ತಾಗುತ್ತಿಲ್ಲ ಎಂದಿದ್ದೀರಿ. ಜೊತೆಗೆ, ನಾಲ್ಕು ಅಂಕಿಯ ಪಿನ್‌ನಲ್ಲಿ ಯಾವ ಅಂಕಿಯೂ ಎರಡು ಸಲ ಬರದಿರುವ ಸಂಭವನೀಯತೆ ಎಷ್ಟು ಎಂದು ಕೇಳಿದ್ದೀರಿ. ಆ ಪಿನ್ ಲೆಕ್ಕವನ್ನೇ ಹಿಡಿಯೋಣ.

ನಾಲ್ಕು ಖಾಲಿ ಮನೆ ಬರೆದುಕೊಳ್ಳಿ. ಮೊದಲ ಮನೆಗೆ 0ಯಿಂದ 9ರವರೆಗೆ ಹತ್ತು ಆಯ್ಕೆ. ಆ ಒಂದೊಂದು ಆಯ್ಕೆಗೂ ಎರಡನೇ ಮನೆಯಲ್ಲಿ ಮತ್ತೆ ಹತ್ತು. ಹೀಗೆ ಒಂದಾದ ಮೇಲೆ ಒಂದು ತುಂಬುತ್ತಾ ಹೋಗುವಾಗ ಗುಣಿಸಬೇಕು: 10×10×10×10, ಅಂದರೆ 10,000 ಪಿನ್‌ಗಳು. ಅಂಕಿ ಮರುಕಳಿಸಬಾರದು ಎಂದರೆ 10×9×8×7 = 5,040. ಇದನ್ನು 10,000ದಿಂದ ಭಾಗಿಸಿದರೆ, ಯಾವ ಅಂಕಿಯೂ ಮರುಕಳಿಸದಿರುವ ಸಂಭವನೀಯತೆ 0.504. ಅಂದರೆ ಸುಮ್ನೆ ಯಾವುದೋ ಒಂದು ಪಿನ್ ಎತ್ತಿಕೊಂಡರೂ ಅದರಲ್ಲಿ ಅಂಕಿ ಮರುಕಳಿಸುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧದಷ್ಟಿದೆ. ಇಷ್ಟೊಂದು ಇರುತ್ತದೆ ಎಂದು ಅನ್ನಿಸುವುದೇ ಇಲ್ಲ, ಅಲ್ವಾ?

ಇಲ್ಲೊಂದು ಸೂಕ್ಷ್ಮ ಇದೆ. ಎರಡನೇ ಮನೆಗೆ *ಯಾವ* ಒಂಬತ್ತು ಅಂಕಿ ಉಳಿಯುತ್ತವೆ ಎಂಬುದು ಮೊದಲ ಅಂಕಿಯನ್ನು ನೋಡಿಕೊಂಡು ಬದಲಾಗುತ್ತದೆ. *ಎಷ್ಟು* ಎಂಬುದು ಬದಲಾಗುವುದಿಲ್ಲ. ಗುಣಿಸಲು ಅಷ್ಟು ಸಾಕು. ಈಗ ಮೊದಲ ಎರಡು ಮನೆಗಳನ್ನಷ್ಟೇ ತೆಗೆದುಕೊಂಡು, 'ಎರಡನೇ ಅಂಕಿ ಮೊದಲನೆಯದಕ್ಕಿಂತ ದೊಡ್ಡದಿರಬೇಕು' ಎಂದು ಷರತ್ತು ಹಾಕಿ ನೋಡಿ. ಮೊದಲು 0 ಇದ್ದರೆ ಒಂಬತ್ತು ಆಯ್ಕೆ, 8 ಇದ್ದರೆ ಒಂದೇ, 9 ಇದ್ದರೆ ಒಂದೂ ಇಲ್ಲ. ಎಣಿಕೆಯೇ ಬದಲಾಯಿತು, ಗುಣಾಕಾರ ಕೆಲಸಕ್ಕೆ ಬಾರದು. ಒಂದೊಂದು ಸಂದರ್ಭವನ್ನೂ ಬೇರೆಬೇರೆ ಎಣಿಸಿ ಕೂಡಬೇಕು: 9+8+7+…+1+0 = 45. 'ಇದು ಇಲ್ಲವೇ ಅದು' ಎಂದು ಕವಲೊಡೆದಾಗ ಕೂಡುವುದು, ಆದರೆ ಆ ಕವಲುಗಳು ಒಂದರೊಳಗೊಂದು ಸೇರಿಕೊಂಡಿರಬಾರದು.

ಎಣಿಸಿದ ಮೇಲೆ ಭಾಗಿಸುವ ಮುಂಚೆ ಒಂದು ಮಾತು. ನೀವು ಎಣಿಸಿದ್ದೆಲ್ಲ ಸಮಾನ ಸಾಧ್ಯತೆಯವೇ? ಜನ ತಾವೇ ಆರಿಸಿಕೊಂಡ ಪಿನ್‌ಗಳಿಗೆ 0.504 ಹೊಂದುವುದಿಲ್ಲ, ಹುಟ್ಟಿದ ವರ್ಷ ಇಟ್ಟುಕೊಳ್ಳುವವರೂ ಇದ್ದಾರೆ. ಗೆಲಿಲಿಯೊ ಮುಂದೆಯೂ ಇಂಥದೇ ತೊಡಕು ಬಂದಿತ್ತು. ಮೂರು ದಾಳ ಉರುಳಿಸಿದರೆ ಮೊತ್ತ 9 ಆಗಲು ಆರು ಜೋಡಣೆ, 10 ಆಗಲೂ ಆರೇ. ಆದರೂ ಆಡುವವರಿಗೆ 10 ಜಾಸ್ತಿ ಬೀಳುತ್ತದೆ ಅನ್ನಿಸಿತ್ತು. ಕಾರಣ ಇಷ್ಟೇ: 1-2-6 ಎಂಬ ಜೋಡಣೆ 3×2×1, ಅಂದರೆ ಆರು ರೀತಿಯಲ್ಲಿ ಬೀಳಬಹುದು. 3-3-3 ಒಂದೇ ರೀತಿ. ದಾಳಗಳಿಗೆ ಬೇರೆಬೇರೆ ಬಣ್ಣ ಹಚ್ಚಿದ್ದಾರೆ ಎಂದುಕೊಂಡು ಎಣಿಸಿದರೆ, ಒಟ್ಟು 6×6×6 = 216ರಲ್ಲಿ 9ಕ್ಕೆ 25, 10ಕ್ಕೆ 27 ಬರುತ್ತದೆ.

'ಕನಿಷ್ಠ ಒಂದು' ಎಂಬ ಮಾತು ಕಂಡರೆ ಮಾತ್ರ ಉಲ್ಟಾ ಎಣಿಸಿ, ಅಂದರೆ ಬೇಡದವನ್ನು ಎಣಿಸಿ ಒಟ್ಟಿನಿಂದ ಕಳೆಯಿರಿ. ಪಿನ್‌ನಲ್ಲಿ ಕನಿಷ್ಠ ಒಂದು 7 ಇರಬೇಕೆಂದರೆ, 7 ಇಡಲು ನಾಲ್ಕು ಮನೆ, ಉಳಿದ ಮೂರು ಮನೆಗೆ 1,000 ರೀತಿ, ಹಾಗಾಗಿ 4×1,000 = 4,000 ಎಂದು ಬರೆಯುವವರು ಬಹಳ. 7712 ಅದರಲ್ಲಿ ಎರಡು ಸಲ ಸೇರಿಬಿಡುತ್ತದೆ. 7 ಇಲ್ಲದವು 9×9×9×9 = 6,561. 10,000ದಿಂದ ಕಳೆದರೆ 3,439.