ಫೋರ್ಕ್, ಗೇರ್, ಜಿಪಿಎಸ್ ಮೂರಕ್ಕೂ ಮೊದಲು ನಿಮ್ಮ ಟೈರ್ ನೋಡಿ

ಎರಡು ವರ್ಷ ಹಳೆಯ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಮೌಂಟನ್ ಸೈಕಲ್) ಇದೆ, ವಾರಕ್ಕೊಮ್ಮೆ ಕಾಡುದಾರಿಯಲ್ಲಿ ಎರಡು ಮೂರು ಗಂಟೆ ಓಡಿಸುತ್ತೇನೆ, ರೇಸಿನ ಆಸೆ ಇಲ್ಲ, ಕೈಯಲ್ಲಿ ಸ್ವಲ್ಪ ದುಡ್ಡಿದೆ; ಫೋರ್ಕ್ (ಮುಂದಿನ ಚಕ್ರ ಹಿಡಿದು ಕುಲುಕು ತಡೆಯುವ ಕವಲು) ಬದಲಿಸಲಾ, 12 ಸ್ಪೀಡ್ ಗೇರ್ ಹಾಕಿಸಲಾ, ಇಲ್ಲ ಒಳ್ಳೆಯ ಜಿಪಿಎಸ್ ಕಂಪ್ಯೂಟರ್ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನೂ ನಿಮ್ಮ ಹಾಗೆ ರಜಾ ದಿನ ಓಡಿಸುವವನೇ. ಮೂರೂ ಒಳ್ಳೆಯ ವಸ್ತುಗಳೇ. ಆದರೆ ಆ ದುಡ್ಡು ನನ್ನದಾಗಿದ್ದರೆ ಮೊದಲು ಟೈರಿಗೆ ಹಾಕುತ್ತಿದ್ದೆ. ಅದಕ್ಕೂ ಮೊದಲು, ಏನೂ ಖರ್ಚಿಲ್ಲದೆ, ಈಗಿರುವ ಟೈರಿನ ಗಾಳಿ ಸ್ವಲ್ಪ ಇಳಿಸಿ ನೋಡುತ್ತಿದ್ದೆ.

ಯಾಕೆ ಅಂತ ಹೇಳುತ್ತೇನೆ. ನಾನು ಹೊಸದಾಗಿ ಓಡಿಸುತ್ತಿದ್ದಾಗ ಒಂದು ಇಳಿಜಾರು ನನ್ನನ್ನು ಪ್ರತಿ ವಾರ ಹೆದರಿಸುತ್ತಿತ್ತು. ಅಡ್ಡಡ್ಡ ಬೇರುಗಳು, ಮೇಲೆ ಒದ್ದೆ ಎಲೆ. ಮುಂದಿನ ಚಕ್ರ ಬೇರಿನ ಮೇಲೆ ಬಂದ ತಕ್ಷಣ ಪಕ್ಕಕ್ಕೆ ಜಾರುತ್ತಿತ್ತು. ನನ್ನ ಫೋರ್ಕೇ ಕೆಟ್ಟದ್ದು ಅಂತ ನಂಬಿಬಿಟ್ಟಿದ್ದೆ. ಒಂದು ದಿನ ಜೊತೆಗಿದ್ದ ಗೆಳೆಯ ಹೆಬ್ಬೆರಳಿನಿಂದ ನನ್ನ ಟೈರ್ ಒತ್ತಿ ನೋಡಿದ. ಒಂಚೂರೂ ಒಳಗೆ ಹೋಗಲಿಲ್ಲ. 45 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿಸಿಕೊಂಡು ಬಂದಿದ್ದೆ. ಅವನು ವಾಲ್ವಿಗೆ ಉಗುರು ಕೊಟ್ಟು ಗಾಳಿ ಬಿಟ್ಟ, ಅಳೆದ, ಮತ್ತೆ ಬಿಟ್ಟ, 28ಕ್ಕೆ ನಿಲ್ಲಿಸಿದ. ಅದೇ ಇಳಿಜಾರು, ಅದೇ ಎಲೆ. ಈ ಸಲ ಟೈರ್ ಬೇರನ್ನು ತಬ್ಬಿಕೊಂಡು ದಾಟಿತು. ಆವತ್ತು ನಾನು ಅದನ್ನು ಮತ್ತೆ ನಾಲ್ಕು ಸಲ ಹತ್ತಿ ಇಳಿದೆ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಸಂಖ್ಯೆ ಅದು ತಡೆಯುವ ಗರಿಷ್ಠ ಒತ್ತಡ. ಅಷ್ಟು ತುಂಬಿಸಿ ಅಂತ ಅದರ ಅರ್ಥ ಅಲ್ಲ. ಕಡಿಮೆ ಗಾಳಿಯಲ್ಲಿ ಟೈರ್ ಕಲ್ಲಿನ ಆಕಾರಕ್ಕೆ ಬಗ್ಗುತ್ತದೆ, ನೆಲಕ್ಕೆ ಜಾಸ್ತಿ ಅಂಟಿಕೊಳ್ಳುತ್ತದೆ. ಆದರೆ ಒಳಗೆ ಟ್ಯೂಬ್ ಇದ್ದರೆ ತುಂಬಾ ಇಳಿಸುವ ಹಾಗಿಲ್ಲ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡು ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಅದಕ್ಕೇ ನಾನು ಮೊದಲ ಖರ್ಚು ಟ್ಯೂಬ್‌ಲೆಸ್‌ಗೆ ಮಾಡಿ ಅನ್ನುವುದು. ಕಚ್ಚಿಸಿಕೊಳ್ಳುವ ಟ್ಯೂಬೇ ಇರುವುದಿಲ್ಲ. ಸಣ್ಣ ಮುಳ್ಳು ಚುಚ್ಚಿದರೆ ಒಳಗೆ ಹಾಕಿದ ಸೀಲೆಂಟ್ ಅನ್ನುವ ಅಂಟು ದ್ರವ ತಾನೇ ಮುಚ್ಚಿಬಿಡುತ್ತದೆ. ರಿಮ್ ಮತ್ತು ಟೈರ್ ಎರಡರ ಮೇಲೂ ಟ್ಯೂಬ್‌ಲೆಸ್‌ಗೆ ಸರಿ ಅಂತ ಬರೆದಿದೆಯಾ ನೋಡಿಕೊಳ್ಳಿ.

ನೀವು 70 ಕಿಲೋ ಆಸುಪಾಸಿನವರು, ಟೈರ್ 29 ಇಂಚಿನ 2.3 ಅಥವಾ 2.4 ಅಗಲದ್ದು ಅಂತಿಟ್ಟುಕೊಂಡರೆ, ಟ್ಯೂಬ್‌ಲೆಸ್‌ನಲ್ಲಿ ಮುಂದೆ 22, ಹಿಂದೆ 25ರಿಂದ ಶುರು ಮಾಡಿ. ಪ್ರತಿ ರೈಡಿಗೆ ಒಂದೇ ಒಂದು ಪಿಎಸ್‌ಐ ಬದಲಿಸಿ ನೋಡಿ. ತಿರುವಿನಲ್ಲಿ ಟೈರ್ ಮಡಚಿದಂತಾದರೆ ಅಥವಾ ರಿಮ್ ಕಲ್ಲಿಗೆ ತಾಗಿದ ಠಣ್ ಸದ್ದು ಬಂದರೆ ಒಂದೆರಡು ಏರಿಸಿ. ಇಷ್ಟು ಕಡಿಮೆ ಒತ್ತಡ ಅಳೆಯಲು ದೊಡ್ಡ ಪಂಪಿನ ಮುಳ್ಳನ್ನು ನಂಬಬೇಡಿ, ಸಣ್ಣ ಡಿಜಿಟಲ್ ಗೇಜ್ ಇಟ್ಟುಕೊಳ್ಳಿ. ನಾನು ಕೊಂಡ ಗ್ಯಾಡ್ಜೆಟ್‌ಗಳಲ್ಲಿ ಅತಿ ಜಾಸ್ತಿ ಕೈಗೆತ್ತಿಕೊಳ್ಳುವುದು ಅದನ್ನೇ. ಇನ್ನು ಸೀಲೆಂಟ್ ಕೆಲವು ತಿಂಗಳಲ್ಲಿ ಒಣಗುತ್ತದೆ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ದ್ರವ ತುಳುಕುವ ಸದ್ದು ಕೇಳದಿದ್ದರೆ ಹೊಸದು ಹಾಕುವ ಹೊತ್ತಾಗಿದೆ.

ಈಗ ಫೋರ್ಕ್. ಇಲ್ಲಿ ನನಗಾದದ್ದು ನಿಮಗೆ ಆಗಬಾರದು ಅಂತ ವಿವರವಾಗಿ ಬರೆಯುತ್ತೇನೆ. ನಾನು ಸ್ಪ್ರಿಂಗ್ ಫೋರ್ಕ್ ತೆಗೆದು ಒಳಗೆ ಗಾಳಿ ತುಂಬಿಸುವ ಏರ್ ಫೋರ್ಕ್ ಹಾಕಬೇಕು ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ತಂದೆ. ಅದರ ಸ್ಟೀರರ್ (ಫ್ರೇಮಿನೊಳಗೆ ಹೋಗುವ ಮೇಲಿನ ಕೊಳವೆ) ಟೇಪರ್ಡ್, ಅಂದರೆ ಕೆಳಗೆ 1.5 ಇಂಚು ದಪ್ಪ. ಅದು ಕೂರಬೇಕಾದ ನನ್ನ ಫ್ರೇಮಿನ ಹೆಡ್ ಟ್ಯೂಬ್ ಒಳಗೆ ಮೇಲಿಂದ ಕೆಳಗಿನವರೆಗೂ ಒಂದೇ ಸಮನೆ 34 ಮಿಲಿಮೀಟರ್, 28.6 ಮಿಲಿಮೀಟರಿನ ನೇರ ಸ್ಟೀರರ್‌ಗೆ ಮಾಡಿದ್ದು. ಯಾವ ಅಡಾಪ್ಟರ್ ಹಾಕಿದರೂ ಅದರೊಳಗೆ ಈ ಫೋರ್ಕ್ ಕೂರುವುದಿಲ್ಲ. ಕೂತಿದ್ದರೂ ಚಕ್ರ ಸೇರುತ್ತಿರಲಿಲ್ಲ. ನನ್ನ ಹಬ್ (ಚಕ್ರದ ನಡುಭಾಗ) 100 ಮಿಲಿಮೀಟರ್ ಅಗಲದ, ತೆಳು ಕಡ್ಡಿಯಿಂದ ಬಿಗಿಸುವ ಕ್ವಿಕ್ ರಿಲೀಸ್, ಫೋರ್ಕ್ 15 ಮಿಲಿಮೀಟರ್ ಆಕ್ಸಲ್‌ನ 110 ಮಿಲಿಮೀಟರ್ ಬೂಸ್ಟ್ ಅನ್ನುವ ಅಗಲದ ಅಳತೆ. ನಾನು ಟ್ರಾವೆಲ್ (ಫೋರ್ಕ್ ಒಳಗೆ ಕುಸಿಯುವ ಉದ್ದ) ಎಷ್ಟು, ತೂಕ ಎಷ್ಟು ಅಂತ ಮಾತ್ರ ನೋಡಿದ್ದೆ. ಆ ಫೋರ್ಕ್ ವಾಪಸ್ ಮಾರಿದೆ, ನಷ್ಟ ಆಯಿತು.

ಹಾಗಾಗಿ ಸ್ಟೀರರ್, ಆಕ್ಸಲ್, ಚಕ್ರದ ಅಳತೆ, ಟ್ರಾವೆಲ್ ಇಷ್ಟೂ ಬರೆದಿಟ್ಟುಕೊಂಡೇ ಹೊರಡಿ. ಟ್ರಾವೆಲ್ ಸುಮ್ನೆ ಜಾಸ್ತಿ ಮಾಡಬೇಡಿ. 20 ಮಿಲಿಮೀಟರ್ ಉದ್ದವಾದರೂ ಸೈಕಲ್ಲಿನ ಮುಂಭಾಗ ಎದ್ದು, ಹೆಡ್ ಆ್ಯಂಗಲ್ (ಹೆಡ್ ಟ್ಯೂಬಿನ ಓರೆ) ಹತ್ತಿರ ಹತ್ತಿರ ಒಂದು ಡಿಗ್ರಿ ಬದಲಾಗುತ್ತದೆ. ಅದಕ್ಕಿಂತ ಉದ್ದದ್ದು ಹಾಕಿದರೆ ಏರು ಹತ್ತುವಾಗ ಮುಂದಿನ ಚಕ್ರ ಅಲೆಯುತ್ತದೆ, ಫ್ರೇಮಿನ ಮೇಲೂ ಅದಕ್ಕೆ ಲೆಕ್ಕ ಹಾಕದ ಭಾರ ಬೀಳುತ್ತದೆ. ನಿಮ್ಮ ಹೆಡ್ ಟ್ಯೂಬ್ ನೇರದ್ದಾದರೆ ಹೊಸ ಒಳ್ಳೆಯ ಫೋರ್ಕ್ ಸಿಗುವುದೇ ಕಷ್ಟ. ಆಗ ಆ ದುಡ್ಡನ್ನು ಮುಂದೆ ಕೊಳ್ಳುವ ಸೈಕಲ್ಲಿಗೆ ಎತ್ತಿಡುವುದೇ ಸರಿ ಅನ್ನುತ್ತೇನೆ.

ಅಥವಾ ಈಗಾಗಲೇ ಇರುವುದು ಏರ್ ಫೋರ್ಕೇ ಇರಬಹುದು, ಅಲ್ವಾ? ಹಾಗಿದ್ದರೆ ಫೋರ್ಕಿಗೆ ಗಾಳಿ ತುಂಬುವ ಒಂದು ಶಾಕ್ ಪಂಪ್ ತಗೊಂಡು ಸ್ಯಾಗ್ (ನಿಮ್ಮ ಭಾರಕ್ಕೆ ಫೋರ್ಕ್ ಕುಸಿಯುವಷ್ಟು) ಸರಿ ಮಾಡಿ. ಫೋರ್ಕಿನ ಕಾಲಿಗೆ ಒಂದು ಸಣ್ಣ ಝಿಪ್ ಟೈ ಕಟ್ಟಿ, ಸೀಲಿನವರೆಗೆ ತಳ್ಳಿ. ಬ್ಯಾಗು, ನೀರು ಎಲ್ಲ ಹಾಕಿಕೊಂಡು, ಗೋಡೆ ಹಿಡಿದು, ಪೆಡಲ್ ಮೇಲೆ ನಿಧಾನ ನಿಲ್ಲಿ. ಇಳಿದು ನೋಡಿ. 120 ಮಿಲಿಮೀಟರ್ ಟ್ರಾವೆಲ್ ಇದ್ದರೆ ಟೈ 24 ಮಿಲಿಮೀಟರ್ ಸರಿದಿರಬೇಕು, ಅಂದರೆ ಶೇಕಡಾ 20. ಹತ್ತು ಮಿಲಿಮೀಟರ್ ಮಾತ್ರ ಸರಿದಿದ್ದರೆ ಇಷ್ಟು ದಿನ ನೀವು ಗಟ್ಟಿ ಕೋಲಿನ ಮೇಲೆ ಓಡಿಸುತ್ತಿದ್ದಿರಿ.

12 ಸ್ಪೀಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು), ಡಿರೇಲರ್ (ಚೈನ್ ಸರಿಸುವ ಭಾಗ), ಶಿಫ್ಟರ್ (ಗೇರ್ ಬದಲಿಸುವ ಲಿವರ್), ಚೈನ್ ಎಲ್ಲ ಒಟ್ಟಿಗೆ ಬದಲಿಸುವ ಕೆಲಸ. ಎಷ್ಟೋ ಸಲ ಹಿಂದಿನ ಹಬ್ಬಿನ ಫ್ರೀಹಬ್ ಬಾಡಿಯೂ (ಕ್ಯಾಸೆಟ್ ಕೂರುವ ಭಾಗ) ಬದಲಾಗಬೇಕು. ಏರು ಹತ್ತುವುದು ಕಷ್ಟ ಅನ್ನುವುದೊಂದೇ ಸಮಸ್ಯೆ, ಮುಂದೆ ಪೆಡಲ್ ಬಳಿ 32 ಹಲ್ಲಿನ ಒಂದೇ ಚೈನ್‌ರಿಂಗ್ (ಹಲ್ಲುಚಕ್ರ) ಇದೆ ಅಂತಾದರೆ, ಅದನ್ನು 30 ಮಾಡಿ. ಎಲ್ಲ ಗೇರೂ ಶೇಕಡಾ 6ರಷ್ಟು ಹಗುರ ಆಗುತ್ತದೆ, ಬದಲಿಸಬೇಕಾದದ್ದು ಒಂದೇ ಭಾಗ. ಜೊತೆಗೆ ಚೈನ್ ಸವೆತ ಅಳೆಯುವ ಗೇಜ್ ಒಂದಿರಲಿ. 11, 12 ಸ್ಪೀಡಿನ ಚೈನ್ ಶೇಕಡಾ 0.5 ಉದ್ದವಾದಾಗಲೇ ಬದಲಿಸಿ. ಹಳೆಯ 9, 10 ಸ್ಪೀಡ್ 0.75ರವರೆಗೆ ಹೋಗಬಹುದು. ಚೈನ್ ಸಮಯಕ್ಕೆ ಬದಲಿಸಿದರೆ ಕ್ಯಾಸೆಟ್ ಉಳಿಯುತ್ತದೆ.

ಬ್ರೇಕ್ ಸಾಲದು ಅನ್ನಿಸಿದರೆ ಮುಂದಿನ ರೋಟರ್ (ಬ್ರೇಕ್ ಡಿಸ್ಕ್) 160ರಿಂದ 180 ಮಿಲಿಮೀಟರಿಗೆ ಏರಿಸಿ, ಫೋರ್ಕ್ ಅಷ್ಟಕ್ಕೆ ಒಪ್ಪುತ್ತದಾ ಅಂತ ಮೊದಲು ನೋಡಿ. ಕೆಲವು ರೋಟರ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಬರೆದಿರುತ್ತದೆ, ಅದಕ್ಕೆ ಮೆಟಲ್ ಪ್ಯಾಡ್ ಹಾಕಬೇಡಿ. ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ ಫ್ಲೂಯಿಡ್ (ಬೇರೆ ಬಗೆಯ ಬ್ರೇಕ್ ದ್ರವ) ಅಂತೂ ಯಾವತ್ತೂ ಬೇಡ, ಒಳಗಿನ ಸೀಲ್ ಹಾಳಾಗುತ್ತದೆ.

ಟೈರ್ ಆದ ಮೇಲೆ ನಾನು ಮನಸಾರೆ ಹೇಳುವ ಖರೀದಿ ಅಂದರೆ ಡ್ರಾಪರ್ ಪೋಸ್ಟ್. ಹ್ಯಾಂಡಲ್ ಮೇಲಿನ ಲಿವರ್ ಒತ್ತಿದರೆ ಸೀಟು ಕೆಳಗೆ ಹೋಗುತ್ತದೆ. ಕಡಿದಾದ ಕಡೆ ಸೀಟು ಎದೆಗೆ ತಾಗದೆ, ಮೈ ತಗ್ಗಿಸಿ ಹಿಂದೆ ಮುಂದೆ ಸರಿಯಲು ಜಾಗ ಸಿಗುತ್ತದೆ. ನನ್ನ ಭಯದಲ್ಲಿ ಅರ್ಧ ಅದರಿಂದಲೇ ಹೋಯಿತು. ಈಗಿರುವ ಸೀಟ್‌ಪೋಸ್ಟ್ ಹೊರತೆಗೆದು ಅದರ ಮೇಲೆ ಕೆತ್ತಿದ ಅಳತೆ ಓದಿ. 27.2, 30.9, 31.6 ಮಿಲಿಮೀಟರ್ ಇವು ಸಾಮಾನ್ಯ. 30.9ಕ್ಕೂ 31.6ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ದಪ್ಪದ್ದು ಒಳಗೆ ಹೋಗುವುದಿಲ್ಲ, ಸಣ್ಣದು ಹಿಡಿದು ನಿಲ್ಲುವುದಿಲ್ಲ.

ಇನ್ನು ಜಿಪಿಎಸ್. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ರೈಡ್ ಮುಗಿದ ಮೇಲೆ ನೋಡುವುದಕ್ಕೆ ಬೇಕಾ, ರೈಡ್ ನಡುವೆ ನೋಡುವುದಕ್ಕೆ ಬೇಕಾ? ಮುಗಿದ ಮೇಲೆ ಮಾತ್ರ ಅಂದರೆ ಜೇಬಿನಲ್ಲಿರುವ ಫೋನೇ ಸಾಕು. ಒಂದು ಆ್ಯಪ್ ಹಾಕಿ, ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ನಕ್ಷೆ ಮೊದಲೇ ಇಳಿಸಿಕೊಂಡು, ಸ್ಕ್ರೀನ್ ಆರಿಸಿ ಇಟ್ಟುಬಿಡಿ. ಕವಲು ಬಂದಾಗೆಲ್ಲ ದಾರಿ ನೋಡಬೇಕು, ಹೊಸ ಕಾಡುಗಳಿಗೆ ಹೋಗುತ್ತೇನೆ ಅನ್ನುವುದಾದರೆ ಹ್ಯಾಂಡಲ್ ಮೇಲಿನ ಕಂಪ್ಯೂಟರ್‌ಗೆ ನಿಜವಾದ ಬೆಲೆ ಇದೆ. ಫೋನನ್ನು ಹ್ಯಾಂಡಲ್‌ಗೆ ಸಿಕ್ಕಿಸಬಹುದು, ಆದರೆ ನಾನು ಮಾಡುವುದಿಲ್ಲ. ದೊಡ್ಡ ಎಂಜಿನ್ ಮೋಟಾರ್‌ಸೈಕಲ್ಲಿನ ಕಂಪನದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ನಮ್ಮ ಸೈಕಲ್ಲಿಗೆ ಎಂಜಿನ್ ಇಲ್ಲ ನಿಜ, ಆದರೆ ಕಲ್ಲಿನ ಇಳಿಜಾರಿನಲ್ಲಿ ಹ್ಯಾಂಡಲ್ ಹೇಗೆ ನಡುಗುತ್ತದೆ ಅಂತ ನಿಮಗೇ ಗೊತ್ತು.

ಕೊಳ್ಳುವಾಗ ನಾನು ನೋಡುವುದು ಬಿಸಿಲಲ್ಲಿ ಓದಲು ಬರುವ ಸ್ಕ್ರೀನ್, ದಿನವಿಡೀ ಬರುವ ಬ್ಯಾಟರಿ, ಬಟನ್. ಗ್ಲೌಸ್ ಹಾಕಿದ ಕೈಗೆ, ಮಳೆಹನಿ ಬಿದ್ದ ಸ್ಕ್ರೀನಿಗೆ ಟಚ್ ಸರಿಹೋಗುವುದಿಲ್ಲ. ಗಾರ್ಮಿನ್‌ನ ಎಡ್ಜ್ 540 ಬಟನ್ ಮಾತ್ರ ಇರುವುದು, 840ರಲ್ಲಿ ಟಚ್ ಕೂಡ ಇದೆ. ಕಾಡಿಗೆ ನನಗೆ ಮೊದಲನೆಯದೇ ಇಷ್ಟ. ಬರೀ ದೂರ, ವೇಗ ಸಾಕು ಅಂದರೆ ನಕ್ಷೆ ಇಲ್ಲದ ಸಣ್ಣ ಮಾಡೆಲ್ ಧಾರಾಳ. ಪೆಡಲಿಗೆ ಹಾಕುವ ಶಕ್ತಿ ಅಳೆಯುವ ಪವರ್ ಮೀಟರ್ ನಿಮಗೆ ಬೇಡ. ಯಾವುದೇ ಕಂಪ್ಯೂಟರ್ ತಗೊಂಡರೂ ಹ್ಯಾಂಡಲ್‌ಗೆ ಒಂದು ದಾರದಿಂದ ಕಟ್ಟಿ. ಬಿದ್ದಾಗ ಮೌಂಟ್ ಮುರಿದು ಪೊದೆಯೊಳಗೆ ಹಾರಿದರೆ ಹುಡುಕುವುದು ಕಷ್ಟ.

ಕೊಂಡ ಮೇಲೆ ಜೊತೆಗಾರನ ಕಂಪ್ಯೂಟರ್ 30 ಕಿಲೋಮೀಟರ್, ನಿಮ್ಮದು 29 ಅಂತ ತೋರಿಸಿದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಉಪಗ್ರಹಗಳು ಇರುವುದು 20,200 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬರುವ ಕ್ಷೀಣ ಸಂಕೇತ ದಟ್ಟ ಎಲೆಗಳಲ್ಲಿ ಇನ್ನೂ ಕುಗ್ಗುತ್ತದೆ, ಬಂಡೆಗೆ ಬಡಿದು ಸುತ್ತು ಬಳಸಿ ಬರುತ್ತದೆ. ಉಪಗ್ರಹದ ಎಲ್1 ತರಂಗದ ಜೊತೆಗೆ ಎಲ್5 ಅನ್ನುವ ಇನ್ನೊಂದು ತರಂಗವನ್ನೂ ಹಿಡಿಯುವ ಮಲ್ಟಿ ಬ್ಯಾಂಡ್ ಸಾಧನ ಇಂಥ ಕಡೆ ವಾಸಿ. ಆದರೂ ಸೆಕೆಂಡಿಗೊಂದು ಚುಕ್ಕಿ ಬರೆದರೆ, ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಎರಡು ಚುಕ್ಕಿಗಳ ನಡುವೆ 5 ಮೀಟರ್. ಕಿರಿದಾದ ಹೇರ್‌ಪಿನ್ ತಿರುವನ್ನು ಅದು ನೇರ ಗೆರೆ ಎಳೆದು ಕತ್ತರಿಸಿಬಿಡುತ್ತದೆ. ಸ್ಮಾರ್ಟ್ ರೆಕಾರ್ಡಿಂಗ್ (ಚುಕ್ಕಿಗಳನ್ನು ಬಿಟ್ಟು ಬಿಟ್ಟು ಬರೆಯುವುದು) ಅನ್ನುವ ಆಯ್ಕೆ ಇದ್ದರೆ ತೆಗೆದು, ಪ್ರತಿ ಸೆಕೆಂಡ್ ಅಂತ ಇಡಿ.

ದೂರ ಸರಿಯಾಗಿ ಬೇಕೇ ಬೇಕು ಅಂದರೆ ಹಬ್ಬಿಗೆ ಸುತ್ತುವ ಸ್ಪೀಡ್ ಸೆನ್ಸರ್ ಹಾಕಿ, ಚಕ್ರದ ಸುತ್ತಳತೆ ನೀವೇ ಅಳೆಯಿರಿ. ಟೈರಿಗೆ, ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಸೀಟಿನ ಮೇಲೆ ಕೂತು ಒಂದು ಸುತ್ತು ಮುಂದಕ್ಕೆ ಉರುಳಿಸಿ, ಟೇಪ್ ಹಿಡಿಯಿರಿ. 29 ಇಂಚಿನ 2.3 ಟೈರಿಗೆ ಸುಮಾರು 2.3 ಮೀಟರ್ ಬರುತ್ತದೆ. ಇದರಲ್ಲಿ 5 ಸೆಂಟಿಮೀಟರ್ ತಪ್ಪಿದರೆ 30 ಕಿಲೋಮೀಟರಿಗೆ 650 ಮೀಟರ್ ತಪ್ಪುತ್ತದೆ. ಗಾಳಿ ಇಳಿಸಿದರೆ ಈ ಅಳತೆಯೂ ಸ್ವಲ್ಪ ಇಳಿಯುತ್ತದೆ, ಆದ್ದರಿಂದ ಟೈರ್ ಒತ್ತಡ ಗೊತ್ತುಮಾಡಿಕೊಂಡ ಮೇಲೆಯೇ ಅಳೆಯಿರಿ.

ಎತ್ತರದ ಲೆಕ್ಕ ಇನ್ನೂ ನಾಜೂಕು. ಹೆಚ್ಚಿನ ಕಂಪ್ಯೂಟರ್‌ಗಳು ಅದನ್ನು ಅಳೆಯುವುದು ಗಾಳಿಯ ಒತ್ತಡದಿಂದ. ತಗ್ಗಿನ ಪ್ರದೇಶದಲ್ಲಿ ಸುಮಾರು 8 ಮೀಟರ್ ಏರಿದರೆ ಒತ್ತಡ 1 ಹೆಕ್ಟೋಪಾಸ್ಕಲ್ ಕಮ್ಮಿ. ನೀವು ಮರದ ಕೆಳಗೆ ಕೂತಿದ್ದಾಗ ಮೋಡ ಕವಿದು ಒತ್ತಡ 2 ಹೆಕ್ಟೋಪಾಸ್ಕಲ್ ಇಳಿದರೆ, ಕೂತಲ್ಲೇ 16 ಮೀಟರ್ ಏರಿದಿರಿ ಅಂತ ಬರೆದುಕೊಳ್ಳುತ್ತದೆ. ಸೆನ್ಸರಿನ ಸಣ್ಣ ತೂತಿಗೆ ಕೆಸರು ಕೂತರೆ ಗುಡ್ಡ ಹತ್ತಿದರೂ ಏರಿಕೆ ಕಾಣಿಸುವುದೇ ಇಲ್ಲ. ಸೈಕಲ್ ತೊಳೆದಾಗ ಅದನ್ನೂ ಮೆಲ್ಲಗೆ ನೀರಲ್ಲಿ ತೊಳೆಯಿರಿ. ಪಿನ್ನು ಮಾತ್ರ ಚುಚ್ಚಬೇಡಿ.

ಇನ್ನೊಂದು ಮುಖ್ಯ ಮಾತು. ಬಿದ್ದರೆ ಮನೆಯವರಿಗೆ ಸಂದೇಶ ಕಳಿಸುವ ಸೌಲಭ್ಯ ನೋಡಿ ಕಂಪ್ಯೂಟರ್ ಕೊಳ್ಳುವವರಿದ್ದಾರೆ. ಸಾಮಾನ್ಯವಾಗಿ ಆ ಸಂದೇಶ ಹೋಗುವುದು ನಿಮ್ಮ ಫೋನಿನ ಮೂಲಕ. ಕಣಿವೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅದು ಹೋಗುವುದಿಲ್ಲ. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಮನೆಯಲ್ಲಿ ಹೇಳಿಯೇ ಹೊರಡಿ. ಜೊತೆಗೆ ಸಣ್ಣ ಪಂಪ್, ತೂತು ಮುಚ್ಚುವ ಟೈರ್ ಪ್ಲಗ್, ಒಂದು ಟ್ಯೂಬ್, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್ ಬ್ಯಾಗಿನಲ್ಲಿರಲಿ.

ನಿಮ್ಮ ತೂಕ, ಟೈರಿನ ಅಗಲ, ಈಗ ಎಷ್ಟು ಗಾಳಿ ತುಂಬಿಸುತ್ತಿದ್ದೀರಿ, ಹೆಡ್ ಟ್ಯೂಬ್ ಕೆಳಗೆ ದಪ್ಪ ಆಗುತ್ತದಾ ಇಲ್ಲವಾ, ಸೀಟ್‌ಪೋಸ್ಟ್ ಮೇಲೆ ಯಾವ ಸಂಖ್ಯೆ ಇದೆ, ಇಷ್ಟನ್ನು ಕೆಳಗೆ ಬರೆಯಿರಿ. ನಿಮ್ಮ ಸೈಕಲ್ಲಿಗೆ ಯಾವುದು ಕೂರುತ್ತದೆ, ಯಾವುದು ಕೂರುವುದಿಲ್ಲ ಅಂತ ನೋಡಿ ಹೇಳುತ್ತೇನೆ.