ಮಧ್ಯಯುಗದ ಫ್ರೆಂಚ್ ರಾಜಕುಮಾರಿಯರಿಗೆ ತಮ್ಮ ಮದುವೆಯ ವಿಷಯದಲ್ಲಿ ಮಾತಾಡುವ ಹಕ್ಕಿತ್ತೇ?

ಕಾಗದದ ಮೇಲೆ ಇತ್ತು. ವಧೂವರರ ಒಪ್ಪಿಗೆಯಿಲ್ಲದ ಮದುವೆ ಊರ್ಜಿತವಲ್ಲ, ಹೆಣ್ಣಿಗೆ 12 ವರ್ಷ ತುಂಬಿರಬೇಕು ಎಂದು ಹನ್ನೆರಡನೆಯ ಶತಮಾನದ ಚರ್ಚ್ ಕಾನೂನು ಹೇಳುತ್ತಿತ್ತು. ಆದರೆ ಆಗ ಫ್ರಾನ್ಸನ್ನು ಆಳುತ್ತಿದ್ದ ಕಪೇಶಿಯನ್ ವಂಶದಲ್ಲಿ, ಅದರಲ್ಲೂ ದೊರೆ ಏಳನೆಯ ಲೂಯಿಯ ಐವರು ಹೆಣ್ಣುಮಕ್ಕಳ ವಿಷಯದಲ್ಲಿ, ಆ ಕಾನೂನಿಗಿಂತ ಜಮೀನಿನ ಲೆಕ್ಕವೇ ಮೇಲಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಹಿರಿಯರಾದ ಮೇರಿ ಮತ್ತು ಆಲಿಕ್ಸ್‌ರನ್ನು ಶಾಂಪೇನ್ ಮತ್ತು ಬ್ಲುವಾ ಪ್ರಾಂತ್ಯಗಳ ಒಡೆಯರಾಗಿದ್ದ ಅಣ್ಣತಮ್ಮಂದಿರಿಗೆ ಗೊತ್ತುಮಾಡಲಾಯಿತು; 1160ರಲ್ಲಿ ಆ ಅಣ್ಣತಮ್ಮಂದಿರ ತಂಗಿ ಅದೆಲ್‌ಳನ್ನು ಲೂಯಿಯೇ ಮದುವೆಯಾದ್ದರಿಂದ ಅಳಿಯಂದಿರೇ ಭಾವಮೈದುನರೂ ಆದರು.

ಮೂರನೆಯವಳಾದ ಮಾರ್ಗರೀಟ್‌ಳ ಮದುವೆಯಲ್ಲಿ ಈ ಲೆಕ್ಕ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಹಸುಗೂಸಾಗಿದ್ದಾಗಲೇ ಅವಳನ್ನು ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯ ಮಗನಿಗೆ ನಿಶ್ಚಯಿಸಿ, ಪ್ಯಾರಿಸ್ ಮತ್ತು ರೂಆನ್ ನಡುವಿನ ವೆಕ್ಸಾಂ ಪ್ರದೇಶವನ್ನು ವರದಕ್ಷಿಣೆಯಾಗಿ ಕೊಡುವುದೆಂದೂ, ಮದುವೆಯಾಗುವವರೆಗೆ ಅಲ್ಲಿನ ಜಿಸೋರ್ ಮುಂತಾದ ಕೋಟೆಗಳು ಟೆಂಪ್ಲರ್ ಎಂಬ ಕ್ರೈಸ್ತ ಧಾರ್ಮಿಕ ಪಂಗಡದ ಯೋಧರ ವಶದಲ್ಲಿರಬೇಕೆಂದೂ ಒಪ್ಪಂದವಾಯಿತು. ಮಕ್ಕಳು ದೊಡ್ಡವರಾಗುವುದಕ್ಕೆ ಇನ್ನೂ ವರ್ಷಗಳಿವೆ ಎಂದು ಲೂಯಿ ನಂಬಿದ್ದ. ಹೆನ್ರಿ ಮಾತ್ರ ಪೋಪರ ಪ್ರತಿನಿಧಿಗಳಿಂದ ಅನುಮತಿ ಪಡೆದು, 1160ರ ನವೆಂಬರಿನಲ್ಲಿ ಐದು ವರ್ಷದ ಹುಡುಗನಿಗೂ ಮೂರು ವರ್ಷವೂ ತುಂಬಿರದ ಹುಡುಗಿಗೂ ಮದುವೆ ಮಾಡಿಸಿ, ಷರತ್ತು ಪೂರೈಸಿತೆಂದು ಕೋಟೆಗಳನ್ನು ಕೈಗೆ ತೆಗೆದುಕೊಂಡ. ಆ ಟೆಂಪ್ಲರರನ್ನು ರಾಜ್ಯದಿಂದ ಓಡಿಸಿದ್ದಷ್ಟೇ ಲೂಯಿಗೆ ಸಿಕ್ಕ ಸಮಾಧಾನ.

ತಂಗಿ ಆಲಿಸ್‌ಳ ಪಾಡು ಇದಕ್ಕಿಂತ ಕೆಟ್ಟದು. 1169ರಲ್ಲಿ ಅದೇ ಹೆನ್ರಿಯ ಇನ್ನೊಬ್ಬ ಮಗ ರಿಚರ್ಡ್‌ನಿಗೆ ನಿಶ್ಚಯವಾಗಿ ಅತ್ತೆಮನೆಯವರ ವಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವಳಿಗೆ ಮದುವೆಯೇ ಆಗಲಿಲ್ಲ. 1191ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ, ತನ್ನ ತಂದೆಗೂ ಅವಳಿಗೂ ಸಂಬಂಧವಿತ್ತೆಂಬ ಆರೋಪವನ್ನು ಮುಂದಿಟ್ಟು ರಿಚರ್ಡ್ ಅವಳನ್ನು ನಿರಾಕರಿಸಿದ. ಆಗ ಫ್ರಾನ್ಸಿನ ದೊರೆಯಾಗಿದ್ದ ಅವಳ ತಮ್ಮ ಫಿಲಿಪ್ 10,000 ಮಾರ್ಕ್ ಬೆಳ್ಳಿಗೆ ಒಪ್ಪಿ ವಾಗ್ದಾನದಿಂದ ಅವನನ್ನು ಬಿಡುಗಡೆ ಮಾಡಿದ. ಆರೋಪ ನಿಜವೋ ಸುಳ್ಳೋ, ಆಲಿಸ್‌ಳ ಮಾತನ್ನು ಕೇಳಿ ಬರೆದಿಟ್ಟವರಿಲ್ಲ. 1195ರಲ್ಲಿ ಅವಳನ್ನು ತನಗಿಂತ ಬಹಳ ಚಿಕ್ಕವನಾದ ಪೊಂತ್ಯೂ ಪ್ರಾಂತ್ಯದ ಒಡೆಯನಿಗೆ ಕೊಡಲಾಯಿತು.

ಕಿರಿಯವಳಾದ ಆಗ್ನೆಸ್ ಚಿಕ್ಕ ಹುಡುಗಿಯಾಗಿಯೇ ಬೈಜಾಂಟಿಯನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಅಲ್ಲಿನ ರಾಜಕುಮಾರ ಅಲೆಕ್ಸಿಯಸ್‌ನನ್ನು ಮದುವೆಯಾದಳು. ಪಟ್ಟಕ್ಕೆ ಬಂದ ಅವನನ್ನು ಕೊಲ್ಲಿಸಿದ ಆಂಡ್ರೊನಿಕಸ್, ಅರವತ್ತು ದಾಟಿದ ಮುದುಕ, ಹನ್ನೆರಡರ ಆಸುಪಾಸಿನಲ್ಲಿದ್ದ ಅವಳನ್ನೇ ಕಟ್ಟಿಕೊಂಡ. 1203ರಲ್ಲಿ ಫ್ರೆಂಚ್ ಧರ್ಮಯೋಧರು ಭೇಟಿಯಾದಾಗ ಅವಳು ಫ್ರೆಂಚ್ ಬಾರದೆಂದು ದುಭಾಷಿಯ ಮೂಲಕವೇ ಮಾತಾಡಿದಳೆಂದು ಆ ಯೋಧರಲ್ಲೊಬ್ಬನಾದ ರೊಬೇರ್ ದ ಕ್ಲಾರಿ ಬರೆದಿದ್ದಾನೆ.

ಸ್ವಂತ ತೀರ್ಮಾನಕ್ಕೆ ಅವಕಾಶ ಸಿಕ್ಕಿದ್ದು ಹೆಚ್ಚಾಗಿ ವಿಧವೆಯರಾದ ಮೇಲೆ. ಮೇರಿ 1181ರಲ್ಲಿ ಗಂಡ ತೀರಿದ ಮೇಲೆ ಮತ್ತೆ ಮದುವೆಯಾಗದೆ, ಮಗನ ಹೆಸರಿನಲ್ಲಿ ಶಾಂಪೇನನ್ನು ಆಳಿದಳು. ಮಾರ್ಗರೀಟ್ ಎರಡನೆಯ ಗಂಡನಾದ ಹಂಗೆರಿಯ ದೊರೆ ಮೂರನೆಯ ಬೇಲಾ ಸತ್ತ ನಂತರ ಪವಿತ್ರ ಭೂಮಿಗೆ ಹೊರಟು, 1197ರಲ್ಲಿ ಏಕರ್ ಪಟ್ಟಣದಲ್ಲಿ ತೀರಿಕೊಂಡಳು.