ಸಾವಿರಾರು ಜನ ಸೇರುವ ಸಮ್ಮೇಳನಗಳಿಂದ ಪರಿಸರಕ್ಕೆ ಆಗುವ ಹಾನಿ ಕಡಿಮೆ ಮಾಡುವುದು ಹೇಗೆ?

ಮೊದಲು ವಿಮಾನದ ಕಡೆ ನೋಡಿ. ಪೇಪರ್ ಕಪ್, ಬಟ್ಟೆ ಚೀಲ ಎಲ್ಲ ಆಮೇಲೆ.

2019ರಲ್ಲಿ ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ ಎಂಬ ಭೂವಿಜ್ಞಾನಿಗಳ ಸಂಘ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಮ್ಮೇಳನ ನಡೆಸಿತು. ಸುಮಾರು 28,000 ಮಂದಿ ಬಂದಿದ್ದರು. ಅವರೆಲ್ಲ ಹೋಗಿ ಬಂದ ದೂರ ಒಟ್ಟು 28.5 ಕೋಟಿ ಕಿಲೋಮೀಟರ್. ಅದರಿಂದ 80,000 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದಷ್ಟು ಅನಿಲ ಗಾಳಿಗೆ ಸೇರಿತು ಎಂದು ಮರುವರ್ಷ ಸಂಶೋಧಕರು ಲೆಕ್ಕ ಹಾಕಿದರು. ತಲೆಗೆ ಹತ್ತಿರ ಹತ್ತಿರ ಮೂರು ಟನ್!

ಇದರಲ್ಲಿ ಜಾಸ್ತಿ ಪಾಲು ದೂರದೇಶದಿಂದ ಹಾರಿ ಬಂದವರದು. ಹಾಗಾಗಿ ಖಂಡಕ್ಕೊಂದು ಕೇಂದ್ರ ಮಾಡಿ, ಅವುಗಳನ್ನು ವಿಡಿಯೋದಲ್ಲಿ ಜೋಡಿಸುವುದು ಒಳ್ಳೆಯದು. ಬೆಂಗಳೂರಿನವರು ರಾತ್ರಿ ರೈಲು ಹತ್ತಿ ಹೈದರಾಬಾದಿಗೆ ಹೋದರೆ ಸಾಕು, ಅಲ್ವಾ? ಪ್ರತಿ ವರ್ಷದ ಬದಲು ಎರಡು ವರ್ಷಕ್ಕೊಮ್ಮೆ ಸೇರಿದರೂ ದೊಡ್ಡ ಉಳಿತಾಯ. ಟೀ ಹೊತ್ತಿನ ಮಾತುಕತೆ ವಿಡಿಯೋದಲ್ಲಿ ಸಿಗುವುದಿಲ್ಲ, ನಿಜ. ಆದರೆ ವೀಸಾ ಸಿಗದ, ಟಿಕೆಟ್‌ಗೆ ದುಡ್ಡಿಲ್ಲದ ವಿದ್ಯಾರ್ಥಿಯೂ ಪ್ರಶ್ನೆ ಕೇಳಬಹುದು. ನನಗೆ ಅದೇ ಹೆಚ್ಚು.

ಇನ್ನು ಊಟಕ್ಕೆ ಮಾಂಸ ಕಡಿಮೆ ಮಾಡಿ, ನೀರಿಗೆ ಸ್ಟೀಲ್ ಲೋಟ ಇಡಿ. ಕೊರಳಿನ ಬ್ಯಾಡ್ಜ್ ವಾಪಸ್ ಹಾಕಲು ಹೊರಬಾಗಿಲಲ್ಲಿ ಒಂದು ಬುಟ್ಟಿ ಇರಲಿ.